ಗಾಳಿ ಬಂದು ಎದೆ ಹಿಗ್ಗುವುದೋ, ಎದೆ ಹಿಗ್ಗಿ ಗಾಳಿ ಬರುವುದೋ?

ಪ್ರಶ್ನೆ: ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಸ್ನಾಯುಗಳಿಲ್ಲವೆಂದು ಪಿಯುಸಿ ಓದುತ್ತಿರುವ ಮಗಳು ಹೇಳುತ್ತಾಳೆ. ಹಾಗಾದರೆ ಗಾಳಿಯನ್ನು ಒಳಗೆ ಎಳೆಯುವವರು ಯಾರು? ಕೊಡಚಾದ್ರಿ ಹತ್ತುವಾಗ ನನಗೆ ವಿಪರೀತ ಏದುಸಿರು ಬರುತ್ತದೆ. ಮೇಲೆ ಗಾಳಿ ತೆಳುವಾಗಿರುವುದೇ ಕಾರಣವೇ? ಮಳೆಗಾಲದಲ್ಲಿ ಗಾಳಿ ಭಾರವಾಗಿ ಉಸಿರು ಕಟ್ಟುತ್ತದೆ ಎಂದು ಮನೆಯ ಹಿರಿಯರು ಹೇಳುವುದು ನಿಜವೇ? ಕೊನೆಯದಾಗಿ, ಎಪ್ಪತ್ತು ದಾಟಿದ ನಮ್ಮ ತಂದೆ ಬಹಳ ವರ್ಷ ಅಡಕೆ ಬೇಯಿಸುವ ಒಲೆಯ ಮುಂದೆ ಕೂತವರು, ಬೀಡಿಯನ್ನೂ ಸೇದುತ್ತಿದ್ದರು. ಉಸಿರು ಒಳಗೆ ಹೋಗುತ್ತಿಲ್ಲ ಎಂದು ಅವರು ಹೇಳುತ್ತಾರೆ. ಪರೀಕ್ಷಿಸಿದ ವೈದ್ಯರು ತೊಂದರೆ ಇರುವುದು ಉಸಿರು ಹೊರಗೆ ಹೋಗುವುದರಲ್ಲಿ ಎಂದರು. ಯಾರ ಮಾತು ಸರಿ?
(ಹೊಸನಗರ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಶ್ವಾಸಕೋಶದೊಳಗಿನ ನಾಳಗಳ ಗೋಡೆಯಲ್ಲಿ ತೆಳುವಾದ ಸ್ನಾಯು ಎಳೆಗಳಿವೆ, ನಿಜ; ಆದರೆ ಅವು ನಾಳಗಳನ್ನು ಕಿರಿದುಮಾಡಬಲ್ಲವೇ ಹೊರತು ಗಾಳಿಯನ್ನು ಸೆಳೆಯಲಾರವು. ಗಾಳಿಯನ್ನು ಎಳೆಯುವ ಕೆಲಸ ನಡೆಯುವುದು ಶ್ವಾಸಕೋಶದ ಹೊರಗೆ, ಅದನ್ನು ಸುತ್ತುವರಿದ ಎದೆಗೂಡಿನ ಗೋಡೆಗಳಲ್ಲಿ. ಗಾಳಿ ಒಳಗೆ ನುಗ್ಗಿ ಎದೆಯನ್ನು ಉಬ್ಬಿಸುತ್ತದೆ ಎಂದು ನಾವೆಲ್ಲ ಭಾವಿಸಿರುತ್ತೇವೆ. ನಡೆಯುವುದು ಇದಕ್ಕೆ ತಿರುಗುಮುರುಗು: ಮೊದಲು ಎದೆ ಹಿಗ್ಗುತ್ತದೆ, ಹಿಗ್ಗಿದ್ದರಿಂದ ಒಳಗಿನ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದ ಕಡೆಗೆ ಹೊರಗಿನ ಗಾಳಿ ತಾನಾಗಿ ಹರಿದು ಬರುತ್ತದೆ. ಈ ಕ್ರಮ ಮನಸ್ಸಿನಲ್ಲಿ ಕೂತರೆ ನಿಮ್ಮ ಉಳಿದ ಪ್ರಶ್ನೆಗಳಿಗೂ, ಮುಖ್ಯವಾಗಿ ತಂದೆಯವರದಕ್ಕೆ, ಅದರಿಂದಲೇ ಉತ್ತರ ಹೊರಡುತ್ತದೆ. ಆದ್ದರಿಂದ ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ.

ಎದೆಗೂಡು ಒಂದು ಮುಚ್ಚಿದ ಕೋಣೆ. ಹಿಂದೆ ಬೆನ್ನೆಲುಬು, ಮುಂದೆ ಎದೆಮೂಳೆ, ಸುತ್ತಲೂ 12 ಜೊತೆ ಪಕ್ಕೆಲುಬುಗಳು, ಅವುಗಳ ನಡುವೆ ಸ್ನಾಯುಗಳ ಪದರ. ಕೋಣೆಯ ನೆಲ ಮಾತ್ರ ಮೂಳೆಯದಲ್ಲ. ಅದು ವಪೆ ಎಂಬ, ಗುಮ್ಮಟದಾಕಾರದಲ್ಲಿ ಮೇಲಕ್ಕೆ ಉಬ್ಬಿರುವ ಅಗಲವಾದ ಸ್ನಾಯು. ವಪೆ ಸಂಕುಚಿಸಿದಾಗ ಅದರ ಗುಮ್ಮಟ ಕೆಳಕ್ಕಿಳಿದು, ಹೊಟ್ಟೆಯ ಅಂಗಗಳನ್ನು ಕೆಳಕ್ಕೂ ಮುಂದಕ್ಕೂ ತಳ್ಳಿ, ಎದೆಗೂಡಿನ ಉದ್ದವನ್ನು ಹೆಚ್ಚಿಸುತ್ತದೆ. ಸುಮ್ಮನೆ ಕುಳಿತಿರುವಾಗ ಅದು ಇಳಿಯುವುದು ಒಂದು, ಒಂದೂವರೆ ಸೆಂಟಿಮೀಟರಿನಷ್ಟು. ಆಳವಾಗಿ ಉಸಿರೆಳೆದಾಗ 10 ಸೆಂಟಿಮೀಟರಿನವರೆಗೂ ಇಳಿಯಬಲ್ಲದು. ಮಲಗಿದ ಮಗುವಿನ ಹೊಟ್ಟೆ ಉಸಿರಿಗೆ ತಕ್ಕಂತೆ ಏರಿಳಿಯುವುದನ್ನು ನೋಡಿ ಗಾಳಿ ಹೊಟ್ಟೆಗೆ ಹೋಗುತ್ತಿದೆ ಎಂದುಕೊಳ್ಳುವವರಿದ್ದಾರೆ. ಅಲ್ಲಿ ಕಾಣುವುದು ವಪೆಯ ಒತ್ತುವಿಕೆಗೆ ಜಾಗ ಬಿಟ್ಟುಕೊಡುವ ಜಠರ ಮತ್ತು ಕರುಳಿನ ಚಲನೆ ಅಷ್ಟೆ. ಇದೇ ಹೊತ್ತಿಗೆ ಪಕ್ಕೆಲುಬುಗಳ ನಡುವಿನ ಹೊರಪದರದ ಸ್ನಾಯುಗಳು ಸಂಕುಚಿಸಿ, ಓರೆಯಾಗಿ ಕೆಳಕ್ಕೆ ಬಾಗಿರುವ ಪಕ್ಕೆಲುಬುಗಳನ್ನು ಮೇಲಕ್ಕೆತ್ತುತ್ತವೆ. ಮೇಲಿನ ಪಕ್ಕೆಲುಬುಗಳು ಎದ್ದಾಗ ಎದೆಮೂಳೆ ಮುಂದಕ್ಕೆ ಬರುತ್ತದೆ, ಕೆಳಗಿನವು ಎದ್ದಾಗ ಎದೆ ಅಕ್ಕಪಕ್ಕಕ್ಕೆ ಅಗಲವಾಗುತ್ತದೆ. ವಿಶ್ರಾಂತಿಯ ಉಸಿರಾಟದಲ್ಲಿ ದೊಡ್ಡ ಪಾಲು ಕೆಲಸ ವಪೆಯದೇ.

ಇನ್ನು ಒತ್ತಡದ ಲೆಕ್ಕ. ಮುಚ್ಚಿದ ಜಾಗದ ಗಾತ್ರ ಹೆಚ್ಚಿದರೆ ಅದರೊಳಗಿನ ಅನಿಲದ ಒತ್ತಡ ಅದೇ ಪ್ರಮಾಣದಲ್ಲಿ ತಗ್ಗುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಆದರೆ ಉಸಿರಾಟದಲ್ಲಿ ಈ ಇಳಿತ ಎಷ್ಟು ಅಲ್ಪವಾದದ್ದು ಎಂಬುದರ ಕಡೆಗೆ ಗಮನ ಹೋಗುವುದು ಕಡಿಮೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 710 ಮಿಲಿಮೀಟರ್ ಪಾದರಸದಷ್ಟು, ನೀರಿನ ಕಂಬದ ಲೆಕ್ಕದಲ್ಲಿ ಒಂಬತ್ತೂವರೆ ಮೀಟರಿಗಿಂತ ತುಸು ಹೆಚ್ಚು. ಜಗಲಿಯಲ್ಲಿ ಆರಾಮವಾಗಿ ಕುಳಿತು ಉಸಿರೆಳೆದುಕೊಳ್ಳುವಾಗ ಶ್ವಾಸಕೋಶದ ನಾಳಗಳ ತುದಿಯಲ್ಲಿರುವ ಪುಟ್ಟ ಗಾಳಿಗೂಡುಗಳಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುವುದು ನೀರಿನ ಕಂಬದ ಬರೀ ಒಂದು ಸೆಂಟಿಮೀಟರಿನಷ್ಟು, ಅಂದರೆ ಸಾವಿರದಲ್ಲಿ ಸುಮಾರು ಒಂದು ಪಾಲು. ಇಷ್ಟೇ ಸಾಕಾಗುವುದಕ್ಕೆ ಕಾರಣ ಆರೋಗ್ಯವಂತರ ಗಾಳಿದಾರಿ ಧಾರಾಳವಾಗಿ ತೆರೆದಿರುವುದು: ಶ್ವಾಸನಾಳ ಸುಮಾರು 23 ಹಂತಗಳಲ್ಲಿ ಕವಲೊಡೆಯುತ್ತ ಹೋಗುತ್ತದೆ, ಕವಲುಗಳು ಒಂದೊಂದಾಗಿ ಕಿರಿದಾದರೂ ಸಂಖ್ಯೆಯಲ್ಲಿ ಎಷ್ಟು ಹೆಚ್ಚುತ್ತವೆಂದರೆ ಒಟ್ಟು ದಾರಿ ಒಳಗೆ ಹೋದಂತೆಲ್ಲ ಅಗಲವಾಗುತ್ತದೆ. ಒತ್ತಡ ತುಸು ತಗ್ಗಿದೊಡನೆ ಗಾಳಿ ಬಂದು ಕೊರತೆಯನ್ನು ತುಂಬುತ್ತದೆ. ಎದೆ ಹಿಗ್ಗುವುದು ನಿಂತಾಗ ಒಳಗಿನ ಮತ್ತು ಹೊರಗಿನ ಒತ್ತಡ ಸಮನಾಗಿ ಹರಿವೂ ನಿಲ್ಲುತ್ತದೆ. ವಯಸ್ಕರಲ್ಲಿ ಹೀಗೆ ಒಂದು ಸಲಕ್ಕೆ ಒಳಬರುವ ಗಾಳಿ ಸುಮಾರು 500 ಮಿಲಿಲೀಟರ್, ನಿಮಿಷಕ್ಕೆ 12ರಿಂದ 16 ಸಲ.

ಕಮ್ಮಾರರ ಕುಲುಮೆಯ ತಿದಿಯನ್ನು ಕಂಡವರಿಗೆ ಇದು ಹೊಸತಲ್ಲ. ತಿದಿಗೆ ಯಾರೂ ಗಾಳಿ ತುಂಬುವುದಿಲ್ಲ. ಅದರ ಹಲಗೆಗಳನ್ನು ಅಗಲಿಸುತ್ತಾರೆ, ಗಾಳಿ ತಾನೇ ಬರುತ್ತದೆ. ಇಂಗ್ಲೆಂಡಿನ ಜಾನ್ ಮೇಯೋ ಎಂಬ ವೈದ್ಯ 1674ರಲ್ಲಿ ಪ್ರಕಟಿಸಿದ ಬರಹದಲ್ಲಿ ಉಸಿರಾಟವನ್ನು ವಿವರಿಸಲು ತಿದಿಯನ್ನೇ ಆರಿಸಿಕೊಂಡ. ತಿದಿಯೊಳಗೆ ಪ್ರಾಣಿಯ ಮೂತ್ರಕೋಶದ ಚೀಲವೊಂದನ್ನು ಇಟ್ಟು, ಚೀಲದ ಬಾಯಿ ಹೊರಗಿನ ಗಾಳಿಗೆ ತೆರೆದಿರುವಂತೆ ಮಾಡಿ, ತಿದಿ ಹಿಗ್ಗಿದಾಗ ಚೀಲವೂ ತುಂಬಿಕೊಳ್ಳುತ್ತದೆ ಎಂದು ಅವನು ತೋರಿಸಿದ. ಶ್ವಾಸಕೋಶ ತಾನಾಗಿ ಚಲಿಸುವುದಿಲ್ಲ, ಎದೆಯ ಚಲನೆಯನ್ನು ಹಿಂಬಾಲಿಸುತ್ತದೆ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಸಾಕ್ಷ್ಯ ಇಂದಿಗೂ ಇಲ್ಲ. ನಮ್ಮ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಮಕ್ಕಳು ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ರಬ್ಬರ್ ಹಾಳೆ ಕಟ್ಟಿ, ಒಳಗೆ ಬಲೂನು ತೂಗುಬಿಟ್ಟು ತೋರಿಸುವ ಮಾದರಿ ಅದರ ಮರಿಮಗುವೇ.

ಮೇಯೋನ ಚೀಲವನ್ನು ತಿದಿಯ ಗೋಡೆಗೆ ಅಂಟಿಸಿರಲಿಲ್ಲ. ಶ್ವಾಸಕೋಶವನ್ನೂ ಎದೆಯ ಗೋಡೆಗೆ ಯಾವುದೂ ಕಟ್ಟಿಲ್ಲ. ಶ್ವಾಸಕೋಶದ ಮೇಲೊಂದು, ಎದೆಗೂಡಿನ ಒಳಮೈಗೊಂದು ಹೀಗೆ ಪ್ಲೂರಾ ಎಂಬ ಎರಡು ನುಣುಪಾದ ಪೊರೆಗಳು ಒಂದಕ್ಕೊಂದು ತಾಗಿಕೊಂಡಿವೆ, ನಡುವೆ ಕೆಲವೇ ಚಮಚದಷ್ಟು ದ್ರವ. ಶ್ವಾಸಕೋಶ ಸ್ವಭಾವತಃ ಕುಗ್ಗಿಕೊಳ್ಳಲು ಎಳೆಯುತ್ತಿರುತ್ತದೆ. ಎದೆಗೂಡು ಸ್ವಭಾವತಃ ಹೊರಕ್ಕೆ ಹಿಗ್ಗಲು ನೋಡುತ್ತಿರುತ್ತದೆ. ಈ ಎರಡು ಎಳೆತಗಳ ನಡುವೆ ಸಿಕ್ಕ ತೆಳುಪದರದಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಸದಾ ಕಡಿಮೆ ಇರುತ್ತದೆ: ಉಸಿರು ಬಿಟ್ಟು ಸುಮ್ಮನಿರುವಾಗ ನೀರಿನ ಕಂಬದ ಸುಮಾರು 5 ಸೆಂಟಿಮೀಟರಿನಷ್ಟು, ಉಸಿರೆಳೆದ ಕೊನೆಗೆ 7 ಅಥವಾ 8 ಸೆಂಟಿಮೀಟರಿನಷ್ಟು. ಈ ಕೊರತೆಯೇ ಶ್ವಾಸಕೋಶವನ್ನು ಎದೆಯ ಗೋಡೆಗೆ ಒತ್ತಿ ಹಿಡಿದಿರುವುದು. ಎರಡೂ ಎಳೆತಗಳು ಸರಿದೂಗುವ ಜಾಗದಲ್ಲಿ, ನಾವು ಉಸಿರು ಬಿಟ್ಟ ಮೇಲೂ, ಶ್ವಾಸಕೋಶದಲ್ಲಿ ಎರಡೂವರೆ ಲೀಟರಿನಷ್ಟು ಗಾಳಿ ಉಳಿದೇ ಇರುತ್ತದೆ. ಬಲವಂತವಾಗಿ ಎಷ್ಟು ಊದಿದರೂ ಸುಮಾರು ಒಂದೂಕಾಲು ಲೀಟರ್ ಒಳಗೇ ಉಳಿಯುತ್ತದೆ.

ಆ ತೆಳುಪದರಕ್ಕೆ ಗಾಳಿ ಹೊಕ್ಕರೆ ಏನಾಗುತ್ತದೆ ಎಂಬುದನ್ನು ಮಲೆನಾಡಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ವೈದ್ಯರೆಲ್ಲ ಕಂಡಿರುತ್ತಾರೆ. ಕೊನೆ ಕೊಯ್ಯುವಾಗಲೋ ಔಷಧಿ ಹೊಡೆಯುವಾಗಲೋ ಅಡಕೆ ಮರದಿಂದ ಬಿದ್ದವರಲ್ಲಿ ಮುರಿದ ಪಕ್ಕೆಲುಬಿನ ತುದಿ ಶ್ವಾಸಕೋಶವನ್ನು ಚುಚ್ಚುವುದುಂಟು. ಆಗ ಗಾಳಿ ಎರಡು ಪೊರೆಗಳ ನಡುವೆ ಸೇರಿ, ಶ್ವಾಸಕೋಶವನ್ನು ಹಿಡಿದಿದ್ದ ಎಳೆತ ಕಳಚಿ, ಅದು ತನ್ನ ಸ್ವಭಾವದಂತೆ ಮುದುಡಿಕೊಳ್ಳುತ್ತದೆ. ಎದೆಗೂಡಿನ ಆ ಪಕ್ಕ ತುಸು ಹೊರಕ್ಕೆ ಹಿಗ್ಗುತ್ತದೆ. ವಪೆಯೂ ಪಕ್ಕೆಲುಬೂ ಎಂದಿನಂತೆ ದುಡಿಯುತ್ತಿದ್ದರೂ ಆ ಬದಿಯ ಶ್ವಾಸಕೋಶಕ್ಕೆ ಗಾಳಿ ಸರಿಯಾಗಿ ಬರುವುದಿಲ್ಲ. ಎದೆಗೆ ಕೊಳವೆ ಹಾಕಿ ಅದರ ಇನ್ನೊಂದು ತುದಿಯನ್ನು ಬಾಟಲಿಯ ನೀರಿನೊಳಗೆ ಮುಳುಗಿಸಿಡುವುದನ್ನು ವಾರ್ಡುಗಳಲ್ಲಿ ನೋಡಿರಬಹುದು. ಎದೆಯೊಳಗಿನ ಗಾಳಿ ಗುಳ್ಳೆಗಳಾಗಿ ಹೊರಗೆ ಬರಬಲ್ಲದು, ಆದರೆ ನೀರಿನ ತಡೆಯಿಂದಾಗಿ ಹೊರಗಿನ ಗಾಳಿ ಹಿಂದಕ್ಕೆ ಹೋಗಲಾರದು. ರೋಗಿ ಉಸಿರೆಳೆದಾಗ ಕೊಳವೆಯಲ್ಲಿ ನೀರು ಕೆಲವು ಸೆಂಟಿಮೀಟರ್ ಮೇಲೇರುವುದು ಎದೆಯೊಳಗಿನ ಆ ಒತ್ತಡದ ಕೊರತೆಯನ್ನು ಕಣ್ಣಿಗೆ ಕಾಣಿಸುತ್ತದೆ. ಆ ಬಾಟಲಿಯನ್ನು ರೋಗಿಯ ಎದೆಯ ಮಟ್ಟಕ್ಕಿಂತ ಮೇಲೆ ಎತ್ತಬಾರದು ಎಂದು ದಾದಿಯರು ಸಂಬಂಧಿಕರನ್ನು ಗದರುವುದು ಸುಮ್ಮನೆ ಅಲ್ಲ. ಎತ್ತಿದರೆ ಬಾಟಲಿಯ ನೀರು ಎದೆಗೆ ಇಳಿದೀತು.

ಉಸಿರು ಬಿಡುವುದಕ್ಕೆ ಸಾಮಾನ್ಯವಾಗಿ ಯಾವ ಸ್ನಾಯುವೂ ದುಡಿಯಬೇಕಾಗಿಲ್ಲ. ವಪೆ ಸಡಿಲವಾಯಿತೆಂದರೆ ಎಳೆದು ಹಿಗ್ಗಿಸಿದ್ದ ಶ್ವಾಸಕೋಶ ತಾನಾಗಿ ಹಿಂದಕ್ಕೆ ಕುಗ್ಗುತ್ತದೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಹೆಚ್ಚಿ ಗಾಳಿ ಹೊರಗೆ ಹೋಗುತ್ತದೆ. ಉಸಿರೆಳೆಯುವಾಗ ವ್ಯಯಿಸಿದ ಶಕ್ತಿಯ ಒಂದು ಪಾಲು ಹಿಗ್ಗಿದ ಅಂಗಾಂಶದಲ್ಲಿ ಕೂಡಿಟ್ಟಿದ್ದು ಈಗ ಖರ್ಚಾಗುತ್ತದೆ. ಕೆಮ್ಮುವಾಗ, ಕೂಗುವಾಗ, ಗುಡ್ಡ ಹತ್ತುವಾಗ ಮಾತ್ರ ಹೊಟ್ಟೆಯ ಸ್ನಾಯುಗಳೂ ಪಕ್ಕೆಲುಬುಗಳ ಒಳಪದರದ ಸ್ನಾಯುಗಳೂ ಗಾಳಿಯನ್ನು ಹೊರದೂಡಲು ಕೈಜೋಡಿಸುತ್ತವೆ. ಯಕ್ಷಗಾನದ ಭಾಗವತರು ಒಂದೇ ಉಸಿರಿನಲ್ಲಿ ಪದದ ಸಾಲನ್ನು ಎಳೆಯುವಾಗ ನಡೆಯುವುದು ಇನ್ನೂ ಸೂಕ್ಷ್ಮ: ತುಂಬಿದ ಶ್ವಾಸಕೋಶ ಒಮ್ಮೆಲೇ ಕುಗ್ಗಿ ದನಿ ಸಿಡಿಯದಂತೆ, ಉಸಿರೆಳೆಯುವ ಸ್ನಾಯುಗಳೇ ಮೊದಲು ಅದನ್ನು ತಡೆದು ಹಿಡಿದು ನಿಧಾನವಾಗಿ ಬಿಡುತ್ತವೆ, ಸಾಲಿನ ಕೊನೆಗೆ ಬಂದಾಗಷ್ಟೇ ಹೊರದೂಡುವ ಸ್ನಾಯುಗಳ ಸರದಿ.

ಶ್ವಾಸಕೋಶ ಕುಗ್ಗಲು ಏಕೆ ಎಳೆಯುತ್ತದೆ? ಅದರ ತುಂಬ ಹರಡಿರುವ ಎಲಾಸ್ಟಿನ್ ಎಂಬ ಹಿಗ್ಗಿ ಕುಗ್ಗುವ ನಾರುಗಳು ಒಂದು ಕಾರಣ. ಇನ್ನೊಂದು, ಬಹಳ ಕಾಲ ಯಾರೂ ಊಹಿಸದೆ ಇದ್ದದ್ದು, ನೀರಿನ ಮೇಲ್ಮೈ ಎಳೆತ. ಎರಡು ಶ್ವಾಸಕೋಶಗಳಲ್ಲಿ ಸೇರಿ ಇರುವ 30 ಕೋಟಿಗೂ ಮಿಕ್ಕ ಗಾಳಿಗೂಡುಗಳ ಒಳಮೈಗೆ ತೇವದ ತೆಳು ಲೇಪವಿದೆ. ಆ ತೇವ ತನ್ನ ಮೇಲ್ಮೈಯನ್ನು ಕಿರಿದು ಮಾಡಿಕೊಳ್ಳಲು ಸದಾ ಎಳೆಯುತ್ತಿರುತ್ತದೆ. 1929ರಲ್ಲಿ ಕರ್ಟ್ ಫಾನ್ ನೀರ್‌ಗಾರ್ಡ್ ಪ್ರಾಣಿಯ ಶ್ವಾಸಕೋಶವನ್ನು ಒಮ್ಮೆ ಗಾಳಿಯಿಂದ, ಒಮ್ಮೆ ದ್ರವದಿಂದ ತುಂಬಿ ನೋಡಿದಾಗ, ದ್ರವ ತುಂಬಲು ಬೇಕಾದ ಒತ್ತಡ ಗಾಳಿಗೆ ಬೇಕಾದದ್ದಕ್ಕಿಂತ ಬಹಳ ಕಡಿಮೆ ಎಂದು ಕಂಡುಬಂತು. ಗಾಳಿ ಮತ್ತು ತೇವ ಸಂಧಿಸುವ ಮೇಲ್ಮೈಯನ್ನು ಇಲ್ಲವಾಗಿಸಿದರೆ ಎಳೆತದ ಅರ್ಧಕ್ಕಿಂತ ಹೆಚ್ಚು ಪಾಲು ಮಾಯವಾಗುತ್ತದೆ ಎಂದಾಯಿತು. ಈ ಎಳೆತ ಮಿತಿಮೀರದಂತೆ ಗಾಳಿಗೂಡಿನ ಕೆಲವು ಜೀವಕೋಶಗಳು ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ವಸ್ತುವನ್ನು ಸ್ರವಿಸುತ್ತವೆ. ಗರ್ಭದಲ್ಲಿ ಇದು ಸಾಕಷ್ಟು ಸಿದ್ಧವಾಗುವುದು ಸುಮಾರು 35ನೆಯ ವಾರದ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ಶಿಶುಗಳು ಪ್ರತಿ ಉಸಿರಿಗೂ ಪಕ್ಕೆ ಒಳಸೆಳೆದುಕೊಂಡು ನರಳುವುದು ಇದರ ಕೊರತೆಯಿಂದ ಎಂದು ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ 1959ರಲ್ಲಿ ತೋರಿಸಿದರು. ಕಾರಣ ತಿಳಿದಿತ್ತು, ಚಿಕಿತ್ಸೆ ಇರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಅವಧಿಪೂರ್ವ ಶಿಶುವೂ ಎರಡು ದಿನ ತುಂಬುವ ಮೊದಲೇ ಇದೇ ತೊಂದರೆಯಿಂದ ತೀರಿಕೊಂಡಿತು. ಜಪಾನಿನ ಫುಜಿವಾರ 1980ರಲ್ಲಿ ಸರ್ಫ್ಯಾಕ್ಟಂಟ್ ಅನ್ನು ನೇರವಾಗಿ ಶಿಶುಗಳ ಶ್ವಾಸನಾಳಕ್ಕೆ ಹಾಕಿ ಫಲಿತಾಂಶ ಪ್ರಕಟಿಸಿದ ಮೇಲೆ ಚಿತ್ರ ಬದಲಾಯಿತು. ಅಂದ ಹಾಗೆ, ನಾವು ಗಂಟೆಗೆ ಹಲವು ಬಾರಿ ಅರಿವಿಲ್ಲದೆ ಬಿಡುವ ನಿಟ್ಟುಸಿರಿಗೆ ದುಃಖವೇ ಕಾರಣವಾಗಬೇಕಿಲ್ಲ. ಮುದುಡಿಕೊಳ್ಳತೊಡಗಿದ ಗಾಳಿಗೂಡುಗಳನ್ನು ಆ ಆಳವಾದ ಉಸಿರು ಮತ್ತೆ ಬಿಡಿಸುತ್ತದೆ.

ಸ್ನಾಯುಗಳ ಬಲಕ್ಕೂ ಒಂದು ಮಿತಿಯಿದೆ. ಕೆರೆಯಲ್ಲಿ ಈಜುವ ಹುಡುಗರು ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಾಯಲ್ಲಿಟ್ಟುಕೊಂಡು ಮುಳುಗಿ ಉಸಿರಾಡಲು ನೋಡುವುದುಂಟು. ಮೇಲ್ಮೈಗೆ ತಾಗಿದಂತಿದ್ದರೆ ನಡೆದೀತು. ಎದೆ ಒಂದು ಮೀಟರ್ ಆಳಕ್ಕೆ ಹೋಯಿತೆಂದರೆ ದಂಟು ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ. ಆ ಆಳದಲ್ಲಿ ನೀರು ಎದೆಯನ್ನು ಒತ್ತುವ ಬಲ 100 ಸೆಂಟಿಮೀಟರಿನ ಒತ್ತಡ; ಆರೋಗ್ಯವಂತ ತರುಣನೊಬ್ಬ ತನ್ನೆಲ್ಲ ಶಕ್ತಿ ಹಾಕಿ ಕ್ಷಣಹೊತ್ತು ಉಂಟುಮಾಡಬಲ್ಲ ಎಳೆತವೂ ಹೆಚ್ಚುಕಡಿಮೆ ಅಷ್ಟೇ. ಅಲ್ಲದೆ, ಒಳಗೆಳೆದ 500 ಮಿಲಿಲೀಟರಿನಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ನಾಳಗಳಲ್ಲೇ ಉಳಿದು ಗಾಳಿಗೂಡು ಮುಟ್ಟದೆ ಹಿಂದಿರುಗುತ್ತದೆ. ಕೊಳವೆ ಉದ್ದವಾದಷ್ಟೂ ಈ ನಷ್ಟ ಹೆಚ್ಚು. ಮಕ್ಕಳಿಗೆ ಈ ಆಟ ಬೇಡವೆಂದು ಹೇಳಿ.

ಶ್ವಾಸಕೋಶ ಗಟ್ಟಿಮುಟ್ಟಾಗಿದ್ದೂ ಉಸಿರು ನಿಲ್ಲಬಹುದು ಎಂಬುದು ನಮ್ಮ ಭಾಗದವರು ತಿಳಿದಿರಬೇಕಾದ ಸಂಗತಿ. ವಪೆಗೆ ಆಜ್ಞೆ ಹೋಗುವುದು ಮೆದುಳಿನ ಬುಡದಿಂದ, ಕುತ್ತಿಗೆಯಲ್ಲಿ ಹೊರಡುವ ಫ್ರೆನಿಕ್ ನರಗಳ ಮೂಲಕ. ಕಟ್ಟುಹಾವು, ನಾಗರಹಾವು, ಕಾಳಿಂಗ ಸರ್ಪಗಳ ನಂಜು ನರ ಮತ್ತು ಸ್ನಾಯುವಿನ ನಡುವಿನ ಸಂಪರ್ಕವನ್ನೇ ಕೆಡಿಸುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ನುಂಗಲು ಕಷ್ಟವಾಗುತ್ತದೆ, ಬಳಿಕ ವಪೆ ಸೋಲುತ್ತದೆ. ಶ್ವಾಸಕೋಶಕ್ಕೆ ಏನೂ ಆಗಿರುವುದಿಲ್ಲ. ಅದನ್ನು ಹಿಗ್ಗಿಸುವವರು ಇಲ್ಲವಾಗಿರುತ್ತಾರೆ ಅಷ್ಟೆ. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ನೋವಾಗದೆ ಗೊತ್ತೇ ಆಗುವುದಿಲ್ಲ, ಬೆಳಿಗ್ಗೆ ರೆಪ್ಪೆ ಜೋಲಿದಾಗಲೇ ತಿಳಿಯುವುದು. ಇಂಥವರಿಗೆ ಆಸ್ಪತ್ರೆ ಮುಟ್ಟುವವರೆಗೆ ಬಾಯಿಗೆ ಬಾಯಿಟ್ಟು ಊದಿಯೋ, ಗಾಳಿ ದೂಡುವ ಆಂಬು ಚೀಲವನ್ನು ಕೈಯಿಂದ ಒತ್ತಿಯೋ ಗಾಳಿ ಕೊಡುತ್ತಿದ್ದರೆ ಜೀವ ಉಳಿಯುತ್ತದೆ, ಏಕೆಂದರೆ ಕೆಟ್ಟಿರುವುದು ಗಾಳಿಯನ್ನು ಚಲಿಸುವಂತೆ ಮಾಡುವ ಏರ್ಪಾಡು ಮಾತ್ರ. ನಮ್ಮಲ್ಲಿ ಸಿಗುವ ಬಹುನಂಜಿನ ಚುಚ್ಚುಮದ್ದು ಕಾಳಿಂಗದ ನಂಜಿಗೆ ತಯಾರಿಸಿದ್ದಲ್ಲವಾದ್ದರಿಂದ ಆಗುಂಬೆ ಕಡೆಯವರಿಗೆ ಈ ಮಾತು ಇನ್ನಷ್ಟು ಮುಖ್ಯ.

ಪೋಲಿಯೊದಿಂದ ವಪೆ ಸೋತವರಿಗಾಗಿ 1928ರಲ್ಲಿ ಬಾಸ್ಟನ್ನಿನಲ್ಲಿ ಫಿಲಿಪ್ ಡ್ರಿಂಕರ್ ಬಳಕೆಗೆ ತಂದ ಕಬ್ಬಿಣದ ಶ್ವಾಸಕೋಶ ಪ್ರಕೃತಿಯ ಕ್ರಮವನ್ನೇ ಅನುಸರಿಸಿತು: ಕುತ್ತಿಗೆಯವರೆಗೆ ರೋಗಿಯನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಗಾಳಿ ಹೀರಿ, ಎದೆಯನ್ನು ಹೊರಗಿನಿಂದ ಹಿಗ್ಗಿಸುವುದು. 1952ರಲ್ಲಿ ಕೋಪನ್‌ಹೇಗನ್ನಿನ ಪೋಲಿಯೊ ಪಿಡುಗಿನಲ್ಲಿ ಬ್ಯೋರ್ನ್ ಇಬ್ಸೆನ್ ಕ್ರಮವನ್ನು ತಲೆಕೆಳಗು ಮಾಡಿದರು. ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಟ್ಟು, ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೈಯಿಂದ ಚೀಲ ಒತ್ತಿ ಗಾಳಿಯನ್ನು ಒಳಗೆ ದೂಡಿದರು. ಇಂದಿನ ವೆಂಟಿಲೇಟರುಗಳು ಈ ಎರಡನೆಯ ವಂಶದವು. ಗಾಳಿ ಬಂದು ಎದೆಯನ್ನು ಹಿಗ್ಗಿಸುವುದು ವೆಂಟಿಲೇಟರಿನಲ್ಲಿ ನಿಜ, ಜಗಲಿಯಲ್ಲಿ ಕುಳಿತ ನಿಮ್ಮಲ್ಲಿ ಅಲ್ಲ.

ಕೊಡಚಾದ್ರಿಯ ವಿಷಯವನ್ನು ಬೇಗ ಮುಗಿಸಬಹುದು. ಅದರ ಎತ್ತರ 1343 ಮೀಟರ್. ಅಲ್ಲಿ ಗಾಳಿಯ ಒತ್ತಡ ಸುಮಾರು 645 ಮಿಲಿಮೀಟರ್ ಪಾದರಸ, ಶಿವಮೊಗ್ಗಕ್ಕಿಂತ ಶೇಕಡಾ 9ರಷ್ಟು ಕಡಿಮೆ. ಆಮ್ಲಜನಕದ ಪಾಲು ಅಲ್ಲಿಯೂ ಶೇಕಡಾ 21 ಆಗಿರುವುದರಿಂದ ಅದರ ಒತ್ತಡವೂ ಅಷ್ಟೇ ತಗ್ಗಿರುತ್ತದೆ. ರಕ್ತದ ಹಿಮೋಗ್ಲೋಬಿನ್ ಇಷ್ಟು ಇಳಿತವನ್ನು ಸುಲಭವಾಗಿ ಸಹಿಸಿಕೊಳ್ಳುತ್ತದೆ. ಸರ್ವಜ್ಞಪೀಠದ ಬಳಿ ಕುಳಿತು ದಣಿವಾರಿದ ಮೇಲೆ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಆರೋಗ್ಯವಂತರಲ್ಲಿ ಶೇಕಡಾ 95ರ ಆಸುಪಾಸು ತೋರಿಸುತ್ತದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2500 ಮೀಟರಿನ ಮೇಲೆ, ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1930 ಮೀಟರ್. ನಿಮ್ಮ ಏದುಸಿರಿಗೆ ಕಾರಣ ತೆಳುಗಾಳಿಯಲ್ಲ, ಏರು. ಕಾಲಿನ ದೊಡ್ಡ ಸ್ನಾಯುಗಳು ದುಡಿದು ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೊರಹಾಕಲು ಮೆದುಳು ಉಸಿರಿನ ಆಳವನ್ನೂ ವೇಗವನ್ನೂ ಏರಿಸುತ್ತದೆ. ನಿಮಿಷಕ್ಕೆ 6ರಿಂದ 8 ಲೀಟರ್ ಇದ್ದದ್ದು ಕಡಿದಾದ ಏರಿನಲ್ಲಿ 60 ಲೀಟರನ್ನೂ ದಾಟಬಹುದು. ಹೀಗೆಂದರೂ, ಕಳೆದ ವರ್ಷ ಸಲೀಸಾಗಿ ಹತ್ತಿದ ಏರು ಈ ವರ್ಷ ನಡುವೆ ಕೂರಿಸುವಂತಿದ್ದರೆ, ಅಥವಾ ಎದೆ ಬಿಗಿಯುತ್ತಿದ್ದರೆ, ಹೃದಯವನ್ನೂ ರಕ್ತಹೀನತೆಯನ್ನೂ ಪರೀಕ್ಷಿಸಿಕೊಳ್ಳಬೇಕು.

ಮಳೆಗಾಲದ ಗಾಳಿ ಭಾರವಲ್ಲ. ನೀರಿನ ಆವಿ ಸಾರಜನಕ ಮತ್ತು ಆಮ್ಲಜನಕಗಳಿಗಿಂತ ಹಗುರವಾದ್ದರಿಂದ ಅದೇ ಉಷ್ಣತೆಯ ಒಣಗಾಳಿಗಿಂತ ತೇವದ ಗಾಳಿ ತುಸು ಹಗುರವೇ. ಅಲ್ಲದೆ ಹೊರಗೆ ಬೇಸಗೆಯಿರಲಿ, ಆಗುಂಬೆಯ ಆಷಾಢವಿರಲಿ, ಮೂಗು ಗಂಟಲುಗಳನ್ನು ಹಾದು ಗಾಳಿಗೂಡು ಮುಟ್ಟುವ ಹೊತ್ತಿಗೆ ಗಾಳಿ 37 ಡಿಗ್ರಿಗೆ ಬೆಚ್ಚಗಾಗಿ ಪೂರ್ತಿ ತೇವದಿಂದ ತುಂಬಿರುತ್ತದೆ. ಹಿರಿಯರ ಅನುಭವ ಮಾತ್ರ ಸುಳ್ಳಲ್ಲ. ತಿಂಗಳುಗಟ್ಟಲೆ ಬಿಸಿಲು ಕಾಣದ ಮನೆಯ ಗೋಡೆ, ಚಾಪೆ, ಕಂಬಳಿಗಳಲ್ಲಿ ಬೂಷ್ಟು ಹಿಡಿಯುತ್ತದೆ, ಬಾಗಿಲು ಮುಚ್ಚಿದ ಒಳಮನೆಯಲ್ಲಿ ಒಲೆಯ ಹೊಗೆ ನಿಲ್ಲುತ್ತದೆ, ಹಸಿ ಸೌದೆ ಇನ್ನಷ್ಟು ಹೊಗೆಯುತ್ತದೆ, ನೆಗಡಿ ಮನೆಯವರನ್ನೆಲ್ಲ ಸುತ್ತುತ್ತದೆ. ಉಬ್ಬಸದ ಪ್ರವೃತ್ತಿಯಿರುವವರಲ್ಲಿ ಇವೆಲ್ಲ ನಾಳಗಳನ್ನು ಕಿರಿದು ಮಾಡುತ್ತವೆ.

ನಾಳ ಕಿರಿದಾಗುವುದರ ಪರಿಣಾಮ ಎಷ್ಟು ತೀವ್ರ ಎಂಬುದರಿಂದಲೇ ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ಒಂದು ಕೊಳವೆಯಲ್ಲಿ ಸರಾಗವಾಗಿ ಹರಿಯುವ ಗಾಳಿಗೆ ಎದುರಾಗುವ ತಡೆ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಅಗಲ ಅರ್ಧಕ್ಕಿಳಿದರೆ ತಡೆ 16 ಪಟ್ಟು. ವರ್ಷಗಟ್ಟಲೆ ಬೀಡಿಯ ಹೊಗೆಯೂ, ಸುಗ್ಗಿಯಲ್ಲಿ ದಿನವಿಡೀ ಉರಿಯುವ ಅಡಕೆ ಒಲೆಯ ಹೊಗೆಯೂ ನಾಳಗಳ ಒಳಪದರವನ್ನು ಊದಿಸಿ ಕಫ ತುಂಬಿಸುತ್ತವೆ. ಅದಕ್ಕಿಂತ ಕೇಡಿನದು, ಗಾಳಿಗೂಡುಗಳ ನಡುವಿನ ಎಲಾಸ್ಟಿನ್ ನಾರುಗಳನ್ನೇ ನಿಧಾನವಾಗಿ ನಾಶಮಾಡುತ್ತವೆ. ಆ ನಾರುಗಳಿಗೆ ಎರಡು ಕೆಲಸಗಳಿದ್ದವು: ಶ್ವಾಸಕೋಶ ತಾನಾಗಿ ಕುಗ್ಗಿ ಗಾಳಿಯನ್ನು ಹೊರಕಳಿಸುವುದು, ಮತ್ತು ಸುತ್ತಲಿಂದ ಎಳೆದು ಹಿಡಿದು ಸಣ್ಣ ನಾಳಗಳನ್ನು ತೆರೆದಿಡುವುದು. ಎರಡೂ ಒಟ್ಟಿಗೆ ಹೋದವು.

ಉಸಿರೆಳೆಯುವಾಗ ಶ್ವಾಸಕೋಶ ಹಿಗ್ಗುವುದರಿಂದ ಸಡಿಲವಾದ ನಾಳಗಳೂ ತೆರೆದುಕೊಳ್ಳುತ್ತವೆ, ಗಾಳಿ ಒಳಗೆ ಬರುತ್ತದೆ. ಬಿಡುವಾಗ ಆಸರೆ ತಪ್ಪಿದ ನಾಳಗಳು ಮುಚ್ಚಿಕೊಳ್ಳುತ್ತವೆ. ಬಲವಂತವಾಗಿ ಊದಿದರೆ ಸರಿಹೋದೀತು ಎಂದು ರೋಗಿ ಹೊಟ್ಟೆ ಬಿಗಿದು ದೂಡುತ್ತಾರೆ. ಆ ದೂಡುವಿಕೆ ಗಾಳಿಗೂಡಿನ ಮೇಲೆ ಬೀಳುವಂತೆಯೇ ನಾಳದ ಮೇಲೂ ಬಿದ್ದು ಅದನ್ನು ಇನ್ನಷ್ಟು ಬೇಗ ಮುಚ್ಚುತ್ತದೆ. ಹೆಚ್ಚು ಶ್ರಮ ಪಟ್ಟಷ್ಟೂ ಗಾಳಿ ಹೆಚ್ಚು ಹೋಗುವುದಿಲ್ಲ. ಪೂರ್ತಿ ಹೊರಹೋಗುವ ಮೊದಲೇ ಮುಂದಿನ ಉಸಿರಿನ ಹೊತ್ತು ಬರುತ್ತದೆ, ಹಳೆಯ ಗಾಳಿಯ ಮೇಲೆ ಹೊಸದು ಸೇರುತ್ತದೆ. ತಿಂಗಳು ವರ್ಷ ಕಳೆದಂತೆ ಎದೆ ಮುಂದಕ್ಕೂ ಹಿಂದಕ್ಕೂ ದುಂಡಗೆ ಉಬ್ಬಿ ನಿಲ್ಲುತ್ತದೆ, ವಪೆ ತನ್ನ ಗುಮ್ಮಟ ಕಳೆದುಕೊಂಡು ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ವಪೆ ಸಂಕುಚಿಸಿದರೂ ಕೆಳಕ್ಕಿಳಿಯಲು ಜಾಗವಿಲ್ಲ.

ಹೀಗಾಗಿ ನಿಮ್ಮ ತಂದೆ ಹೇಳುವುದೂ ನಿಜ, ವೈದ್ಯರು ಹೇಳಿದ್ದೂ ನಿಜ. ಉಸಿರು ಒಳಗೆ ಹೋಗುತ್ತಿಲ್ಲ ಎಂಬುದು ಅವರ ಅನುಭವ. ಹೋಗದಿರುವುದು ಒಳಗೆ ಜಾಗವಿಲ್ಲದ್ದರಿಂದ, ಜಾಗವಿಲ್ಲದಿರುವುದು ಹಿಂದಿನ ಉಸಿರು ಹೊರಗೆ ಹೋಗದ್ದರಿಂದ. ಆರೋಗ್ಯವಂತರಲ್ಲಿ ಉಸಿರಾಟಕ್ಕೆ ದೇಹದ ಒಟ್ಟು ಶಕ್ತಿಯ ಶೇಕಡಾ 5ಕ್ಕಿಂತ ಕಡಿಮೆ ಸಾಕು. ಇಂಥವರಲ್ಲಿ ಅದು ಹಲವು ಪಟ್ಟು ಏರುವುದರಿಂದ ಉಣ್ಣುತ್ತಲೇ ಸೊರಗುವವರೂ ಇದ್ದಾರೆ.

ಇದನ್ನು ಅಳೆಯುವ ಸ್ಪೈರೋಮೀಟರ್ ಉಪಕರಣವನ್ನು ಜಾನ್ ಹಚಿನ್ಸನ್ 1846ರಲ್ಲೇ ವಿವರಿಸಿದ್ದ. ಎದೆ ತುಂಬ ಉಸಿರೆಳೆದು ಜೋರಾಗಿ ಊದಿದಾಗ ಆರೋಗ್ಯವಂತರು ಒಟ್ಟು ಗಾಳಿಯ ಮುಕ್ಕಾಲು ಭಾಗವನ್ನು ಮೊದಲ ಸೆಕೆಂಡಿನಲ್ಲೇ ಹೊರಬಿಡುತ್ತಾರೆ. ನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಇದು ಶೇಕಡಾ 70ಕ್ಕಿಂತ ಕಡಿಮೆಯಿದ್ದರೆ ದೀರ್ಘಕಾಲದ ಶ್ವಾಸನಾಳ ತಡೆಯ ಕಾಯಿಲೆ, ಅಂದರೆ ಸಿಒಪಿಡಿ, ಎಂದು ಪರಿಗಣಿಸುತ್ತಾರೆ. ನಿಮ್ಮ ತಂದೆಯವರಿಗೆ ಈ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಎಕ್ಸ್‌ರೇ ಒಂದರಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಸೇದುವ ಔಷಧಿಗಳು ನಾಳಗಳನ್ನು ಇದ್ದಷ್ಟರಲ್ಲಿ ಅಗಲಿಸುತ್ತವೆ. ಅವು ಚಟವಾಗುತ್ತವೆ ಎಂಬ ಮಾತಿಗೆ ಆಧಾರವಿಲ್ಲ. ನಾಶವಾದ ನಾರು ಮರಳಿ ಬರುವುದಿಲ್ಲವಾದರೂ ಬೀಡಿ ಬಿಟ್ಟರೆ, ಒಲೆಗೆ ಎತ್ತರದ ಹೊಗೆಕೊಳವೆ ಹಾಕಿಸಿದರೆ ಮುಂದಿನ ನಾಶ ನಿಧಾನವಾಗುತ್ತದೆ.

ಮನೆಯಲ್ಲಿ ಅವರು ಮಾಡಬಹುದಾದದ್ದು, ತುಟಿಗಳನ್ನು ಚೂಪಾಗಿಸಿ, ಒಳಗೆಳೆದುಕೊಂಡ ಹೊತ್ತಿನ ಎರಡು ಪಟ್ಟು ಹೊತ್ತು ನಿಧಾನವಾಗಿ ಉಸಿರು ಬಿಡುವುದು. ತುಟಿಯ ತಡೆಯಿಂದ ನಾಳದೊಳಗೆ ಉಳಿಯುವ ಒತ್ತಡ ಅದನ್ನು ಮುಚ್ಚದಂತೆ ಹಿಡಿಯುತ್ತದೆ. ಅನೇಕ ರೋಗಿಗಳು ಯಾರೂ ಕಲಿಸದೆ ಇದನ್ನು ಮಾಡುತ್ತಿರುತ್ತಾರೆ. ದಮ್ಮು ಹೆಚ್ಚಾದಾಗ ಮುಂದಕ್ಕೆ ಬಾಗಿ ಮೊಣಕೈಗಳನ್ನು ಮೇಜಿನ ಮೇಲೋ ತೊಡೆಯ ಮೇಲೋ ಊರಿ ಕೂರಲಿ, ಆಗ ಕತ್ತು ಮತ್ತು ಭುಜದ ಸ್ನಾಯುಗಳು ಪಕ್ಕೆಲುಬು ಎತ್ತಲು ನೆರವಾಗುತ್ತವೆ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದಂತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಂಪರು ಹೊರಹೋಗದೆ ರಕ್ತದಲ್ಲಿ ಕೂಡಿಕೊಂಡ ಇಂಗಾಲದ ಡೈಆಕ್ಸೈಡಿನ ಸೂಚನೆಯಿರಬಹುದು. ಮನೆಯಲ್ಲಿ ಆಮ್ಲಜನಕದ ಸಿಲಿಂಡರ್ ಇದ್ದರೆ ಗಾಬರಿಯಲ್ಲಿ ಅದನ್ನು ಪೂರ್ತಿ ತಿರುಗಿಸಬೇಡಿ. ಇಂಥ ರೋಗಿಗಳಲ್ಲಿ ವೈದ್ಯರು ಸಾಮಾನ್ಯವಾಗಿ ಆಕ್ಸಿಮೀಟರಿನಲ್ಲಿ ಶೇಕಡಾ 88ರಿಂದ 92ರ ನಡುವಿನ ಆಮ್ಲಜನಕ ಮಟ್ಟವನ್ನೇ ಗುರಿಯಾಗಿಟ್ಟುಕೊಳ್ಳುತ್ತಾರೆ, ಏಕೆಂದರೆ ಅತಿಯಾಗಿ ಕೊಟ್ಟ ಆಮ್ಲಜನಕದಿಂದ ಇವರಲ್ಲಿ ಇಂಗಾಲದ ಡೈಆಕ್ಸೈಡ್ ಇನ್ನೂ ಏರುವ ಅಪಾಯವಿದೆ, ಮತ್ತು ಅದನ್ನು ಹೊರಹಾಕಲು ಎದೆಯಿಂದ ಗಾಳಿ ಹೊರಗೆ ಹರಿಯುವುದೊಂದೇ ದಾರಿ.